ಅರವತ್ತೆರಡು ಲೋಡು

ಬಾವಿ ಅಂತ ಯಾರೂ ಹೇಳಲಿಲ್ಲ.
ಕುದುರೆಲಾಯದ ಹಿಂದೆ ಒಂದು ಗುಂಡಿ, ಲಂಟಾನ ಮುಚ್ಚಿದೆ,
ಅಲ್ಲಿ ಸುರಿ ಅಂದರು. ಸುರಿದೆ.
ಗುಡ್ಡ ಜಾರಿದ ವರ್ಷ, ಆಗಸ್ಟು.
ಮಡಿಕೇರಿಯ ಅರ್ಧ ರಸ್ತೆ ಇನ್ನರ್ಧ ರಸ್ತೆಯ ಮೇಲೆ ಕೂತಿತ್ತು,
ವೈಪರು ಕೆಸರನ್ನೇ ಒರೆಸುತ್ತಿತ್ತು.
ಲೋಡಿಗೆ ಇಷ್ಟು ಅಂತ ಮಾತು.
ಅರವತ್ತೆರಡು. ಚೀಟಿ ಇನ್ನೂ ಡ್ಯಾಶ್‌ಬೋರ್ಡಿನಲ್ಲಿದೆ.

ಈಗ ಅದೇ ಟಿಪ್ಪರು, ಕೆಎ ಹನ್ನೆರಡು,
ಅದೇ ಹಂಸ,
ಅದೇ ಮಣ್ಣನ್ನು ವಾಪಸು ಹೊರಲು ಬಂದಿದ್ದೇನೆ.
ದರ ಮಾತ್ರ ಬೇರೆ. ತುಂಬುವುದಕ್ಕಿಂತ
ತೆಗೆಯುವುದು ತುಟ್ಟಿ.

ಮೈಸೂರಿನಿಂದ ಬಂದ ಹುಡುಗಿ, ತೇಜಾವತಿ,
ಸೊಂಟಕ್ಕೆ ಟೇಪು, ಕಿವಿಯ ಸಂದಿಗೆ ಪೆನ್ಸಿಲು.
ಇದು ಮೆಟ್ಟಿಲುಬಾವಿ, ಅಂದಳು,
ಮೂರು ಸುತ್ತು ಇರಬೇಕು, ಐದಿದ್ದರೂ ಇರಬಹುದು,
ಜೆಸಿಬಿ ಇಳಿಸಬೇಡಿ, ಕಲ್ಲಿಗೆ ನೋವಾಗುತ್ತದೆ.
ಕಲ್ಲಿಗೆ!
ಯಾಕೋ ಬೀಡಿ ಆರಿಸಿಬಿಟ್ಟೆ.

ಮಣ್ಣು ತಿರುಗುಮುರುಗಾಗಿ ಬರುತ್ತದೆಂದು ನನಗೊಬ್ಬನಿಗೆ ಗೊತ್ತು:
ಕೊನೆಗೆ ಸುರಿದದ್ದು ಮೊದಲು.
ಒಂದು ವಾರ ಬರೀ ಡಾಂಬರು, ಮೋರಿ ಪೈಪು.
ಆಮೇಲೆ ಹಂಚು, ಹಂಚು, ಹಂಚು;
ಸುಡುವ ಮುಂಚೆಯೇ ಯಾವುದೋ ಬೆಕ್ಕು ತುಳಿದುಹೋದ ಹಂಚೊಂದು.
ಕಲ್ಲುಕೆಲಸದ ಓಬಳಯ್ಯ ಬುಟ್ಟಿ ಬುಟ್ಟಿಯಾಗಿ ಮೇಲೆ ಕೊಡುತ್ತಾನೆ,
ಮೆಟ್ಟಿಲು ಸಿಕ್ಕಾಗಲೆಲ್ಲ ಅಂಗೈಯಲ್ಲಿ ಒರೆಸಿ
ಯಾರೋ ಮಲಗಿದ್ದಾರೆ ಎಂಬಂತೆ ದಾಟುತ್ತಾನೆ.

ನಾನು ಇಪ್ಪತ್ಮೂರನೆಯದನ್ನು ಕಾಯುತ್ತಿದ್ದೆ.
ಯಾರಿಗೂ ಹೇಳಿದ್ದಿಲ್ಲ, ಮನೆಯಲ್ಲಿ ಸಫಿಯಾಗೂ.
ಅಂದು ತೊಟ್ಟಿ ಎತ್ತಿದಾಗ ಪಕ್ಕದ ಕನ್ನಡಿಯಲ್ಲಿ ಕಂಡಿತ್ತು:
ಕೆಸರಿನಿಂದ ಚಾಚಿದ ಒಂದು ಕಾಲು.
ಎದೆ ನಿಂತು, ಮತ್ತೆ ಹೊಡೆಯಿತು.
ಮರದ್ದು. ಯಾವುದೋ ಮಣೆಯ ಕಾಲು.
ಇಳಿಯಬಹುದಿತ್ತು.
ಹಿಂದೆ ಸಾಲುಗಟ್ಟಿ ಹಾರ್ನು.

ಬಂತು. ಗುರುವಾರ, ಊಟದ ಹೊತ್ತಿಗೆ.
ಹಲಸಿನ ಮರದ ನೂಪುಟ್ಟು ಒತ್ತುವ ಮಣೆ,
ಹಿತ್ತಾಳೆ ಬಿಲ್ಲೆಯ ಕಣ್ಣುಗಳ ತುಂಬ ಮಣ್ಣು.
ತೇಜಾವತಿ ತೊಳೆದಳು, ಚೀಟಿ ಕಟ್ಟಿದಳು:
ವಸ್ತು ನಲವತ್ತೊಂದು. ಕಾಲ ತಿಳಿದಿಲ್ಲ.
ತಿಳಿಯದೇನಮ್ಮ, ಅಂದೆ,
ಆಗಸ್ಟು ಇಪ್ಪತ್ತೊಂದು, ಮಧ್ಯಾಹ್ನ ಮೂರು.
ಜಾಗ, ಬೊಳ್ಳಮ್ಮನ ಅಡುಗೆಮನೆ.
ಕೋರ್ಟಿನ ಎದುರು ಕ್ಯಾಂಟೀನು ಇಟ್ಟಿದ್ದಳಲ್ಲ,
ನೂಪುಟ್ಟು, ಕೋಳಿಸಾರು. ನನ್ನ ಸಾಲವೂ ಇದೆ ಅಲ್ಲಿ.

ಹೊಸ ಕಾಲೊನಿಯಿಂದ ಆಟೋ ಹಿಡಿದು ಬಂದಳು.
ಅಳಲಿಲ್ಲ. ಬಿಲ್ಲೆ ತಿರುಗಿಸಿ
ಸೊಟ್ಟಗಾದ ಒಂದು ತೂತಿನಲ್ಲಿ ಕಿರುಬೆರಳು ತೂರಿಸಿದಳು.
ಈಗ ಸ್ಟೀಲಿನದು ತಗೊಂಡಿದೀನಿ, ಹಗುರ, ಅಂದಳು.
ಆಮೇಲೆ, ನೀನೇನಾ ಸುರಿದದ್ದು?
ನಾನೇ.
ನಿಧಾನವಾಗಿ ಸುರಿದಿರಬೇಕು, ಒಡೆದಿಲ್ಲ.

ನಿಧಾನವಾಗಿ ಸುರಿದಿರಲಿಲ್ಲ.

ಅವಳು ಸೀರೆ ಎತ್ತಿ ಸಿಕ್ಕಿಸಿಕೊಂಡು ಹದಿನಾರು ಮೆಟ್ಟಿಲು ಇಳಿದಳು,
ಅಷ್ಟೇ ಬಯಲಾಗಿತ್ತು ಆಗ,
ಕೂತು ಕಾಲಿನ ಬೆರಳು ಚಟಚಟ ಮುರಿದಳು.
ಇಲ್ಲಿ ತಂಪಿದೆ ಕಣೋ, ಕೂಗಿದಳು.
ಆ ಮಾತು ನಾಲ್ಕು ಗೋಡೆಗೂ ಬಡಿದು ನನಗೆ ನಾಲ್ಕು ಸಲ ಕೇಳಿಸಿತು.

ನೀರು ಬಂದದ್ದು ಮಾರ್ಚಿಯಲ್ಲಿ.
ಊರಿಗೆಲ್ಲ ಟ್ಯಾಂಕರು ಓಡುವ ತಿಂಗಳು.
ಬುಗ್ಗೆಗಿಗ್ಗೆ ಏನಿಲ್ಲ, ಕಲ್ಲಿನ ಸಂದು ಬೆವರಿದ ಹಾಗೆ.
ಓಬಳಯ್ಯ ನೆಕ್ಕಿ ನೋಡಿ ಉಗಿದ, ಮತ್ತೆ ನೆಕ್ಕಿದ.

ಲೆಕ್ಕ ತೆಗೆದರೆ ಎಪ್ಪತ್ತೊಂದು ಲೋಡು.
ಒಂಬತ್ತು ನನ್ನವಲ್ಲ.
ನನಗಿಂತ ಮುಂಚೆಯೂ ಯಾರೋ ಇದನ್ನು
ಗುಂಡಿ ಅಂದಿದ್ದಾರೆ.

ಕಡೆಯ ಲೋಡು ಹೊತ್ತು ಹೊರಟಾಗ ಫೋನು:
ಇಲ್ಲೇ ಮುಂದೆ ಒಂದು ತಗ್ಗು, ಲಂಟಾನ ಬೆಳೆದಿದೆ,
ಅಲ್ಲಿ ಸುರಿದುಬಿಡು.
ಗಾಡಿ ನಿಲ್ಲಿಸಿ ಇಳಿದೆ.
ಪೊದೆಯೊಳಕ್ಕೆ ಒಂದು ಕಲ್ಲೆಸೆದು
ಕಿವಿಗೊಟ್ಟು ನಿಂತೆ.